ಹೊರಗಿನ ಮೂರು ದಿನದ ಇಂಗ್ಲಿಷು

ನಮ್ಮ ಮನೆಯಲ್ಲಿ ಯಾರು ಏನು ಕಲಿಯಲು ಹೊರಟರೂ ಅದರ ಫಲ ಬೇರೆಯವರೇ ಉಣ್ಣುತ್ತಾರೆ. ನನ್ನ ಗಂಡ ಹಾರ್ಮೋನಿಯಂ ಕಲಿತರು, ಪಕ್ಕದ ಮನೆಯವರು ಬಿಡಾರ ಬದಲಿಸಿದರು. ಆಮೇಲೆ ನಾನು ಇಂಗ್ಲಿಷಿಗೆ ಕೈ ಹಾಕಿದೆ.

೧. ಗೆರೆ

ಶಿರಸಿಯಲ್ಲಿ ನಮ್ಮ ಕೇರಿಯ ಹತ್ತಿರದ ಶಾಲೆಗೆ ಪಾಠ ಹೇಳಲು ಒಬ್ಬರು ಅಕ್ಕೋರು ಬೇಕಾಗಿದ್ದರು. ಹತ್ತನೆಯದು ಪಾಸಾಗಿದ್ದರೆ ಸಾಕು, ಆದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ತೋರಿಸಬೇಕು. ಹತ್ತನೆಯದೇನೋ ನನಗಾಗಿತ್ತು, ಇಂಗ್ಲಿಷು ಮಾತ್ರ ಮದುವೆಯ ಗಡಿಬಿಡಿಯಲ್ಲಿ ಸಿದ್ದಾಪುರದ ತವರಿನಲ್ಲೇ ಉಳಿದಿತ್ತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ವಕೀಲರೊಬ್ಬರಿಂದ ಒಂದು ಪುಸ್ತಕ ತಂದುಕೊಟ್ಟರು. ಅಮೆರಿಕದಲ್ಲಿ ಗುಲಾಮನಾಗಿದ್ದವನೊಬ್ಬ ತಪ್ಪಿಸಿಕೊಂಡು ಬಂದು ತನ್ನ ಕತೆ ತಾನೇ ಬರೆದದ್ದು. ಗೊತ್ತಿಲ್ಲದ ಶಬ್ದಕ್ಕೆಲ್ಲ ಗೆರೆ ಎಳೆದು, ಅರ್ಥ ತನ್ನನ್ನು ಕೇಳಿ ಬಾಯಿಪಾಠ ಮಾಡು ಅಂದರು. ಮೊದಲ ಪುಟ ಮುಗಿಸಿ ನೋಡಿದೆ. ಗೆರೆ ಇಲ್ಲದ್ದು ಪುಟದ ನಂಬರಿಗೆ ಮಾತ್ರ.

೨. ಮೀಯದ ಪುಸ್ತಕ

ಒಲೆ, ಬಾವಿ, ಎರಡು ವರ್ಷದ ಮಗಳು. ಓದಲು ಪುರಸೊತ್ತೆಲ್ಲಿ? ತಿಂಗಳಲ್ಲಿ ಹೊರಗೆ ಕೂರುವ ಮೂರು ದಿನ ಮಾತ್ರ ನನ್ನನ್ನು ಯಾರೂ ಮುಟ್ಟುವಂತಿಲ್ಲ, ನನಗೆ ಕೆಲಸ ಹೇಳುವಂತಿಲ್ಲ. ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿ ಓದಿದೆ. ನಾಲ್ಕನೆಯ ದಿನ ಮಿಂದು ಒಳಗೆ ಹೊರಟರೆ ಅತ್ತೆ ಬಾಗಿಲಲ್ಲಿ ತಡೆದರು. ನನ್ನದು ಮಿಂದಾಗಿತ್ತು, ಪುಸ್ತಕದ್ದು ಆಗಿರಲಿಲ್ಲ. ಬಾವಿಕಟ್ಟೆಯಲ್ಲಿ ಅದನ್ನೂ ಒಗೆಯಲೇ ಎಂದು ಕೇಳಿದೆ. ಹೊರಗಿನದು ಹೊರಗೇ ಇರಲಿ ಎಂದು ತೀರ್ಪಾಯಿತು. ಪುಸ್ತಕ ಜಗಲಿಯ ಮಾಡಿನ ಸಂದಿಗೆ ಸೇರಿತು. ಹೀಗೆ ತಿಂಗಳಲ್ಲಿ ಇಪ್ಪತ್ತೇಳು ದಿನ ನಾನು ಶುದ್ಧವಾಗಿಯೂ ದಡ್ಡಿಯಾಗಿಯೂ ಇರುತ್ತಿದ್ದೆ.

೩. ಕಾಡಿನಲ್ಲಿ ಸಿಕ್ಕಿದವನು

ನಾನು ಹೊರಗಾದರೆ ಅಡುಗೆ ಅತ್ತೆಯ ತಲೆಗೆ. ಅಂಗಳದಾಚೆ ಅಕ್ಕಿ ಆರಿಸುತ್ತ ಅವರು ಗೊಣಗುವುದು ನಿಲ್ಲಲಿ ಎಂದು ನಾನು ಓದಿದ್ದನ್ನು ಕನ್ನಡದಲ್ಲಿ ಹೇಳತೊಡಗಿದೆ. ಆ ಗುಲಾಮನ ತಾಯಿಯನ್ನು ಸಂತೆಯಲ್ಲಿ ಮಾರಿದ ಭಾಗ ಬಂದಾಗ ಮೊರ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಅವನಿಗೆ ಪುಸ್ತಕ ಮುಟ್ಟಗೊಡದ ಯಜಮಾನನಿಗೆ, ನನ್ನಿಂದ ನಾಲ್ಕು ಮಾರು ದೂರದಲ್ಲೇ ಕೂತು, ಶಾಪ ಹಾಕಿದರು. ಅವನು ಕಾಡಿಗೆ ಓಡಿದ, ಯಜಮಾನ ಬೆನ್ನಿಗೆ ನಾಯಿ ಬಿಟ್ಟ, ಅಲ್ಲಿಗೆ ನನ್ನ ಮೂರು ದಿನ ಮುಗಿಯಿತು.

ಮರುತಿಂಗಳು ನನ್ನದು ಎರಡು ದಿನ ತಡವಾಯಿತು. ಅತ್ತೆಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದಲೇ ಕೂಗಿ ಕೇಳಿದರು:

“ಎಂತದೇ ಕೂಸೆ, ಇನ್ನೂ ಹೊರಗಾಜಿಲ್ಯನೇ? ಪಾಪ, ಅಂವ ಕಾಡಲ್ಲೇ ಇದ್ದ.”

ಮೊದಲ ಅರ್ಧ ಮಾತ್ರ ಕಿವಿಗೆ ಬಿದ್ದ ನೆರೆಮನೆಯಾಕೆ, ಬಸುರಿಯ ಬಾಯಿಗೆ ರುಚಿಯಾಗಲಿ ಎಂದು ಮಧ್ಯಾಹ್ನ ಮಿಡಿ ಉಪ್ಪಿನಕಾಯಿ ತಂದುಕೊಟ್ಟಳು.

೪. ಸಾಹೇಬರ ವಿಚಾರಣೆ

ಕೆಲಸದ ಸಂದರ್ಶನಕ್ಕೆ ಅತ್ತೆ ನನ್ನ ಜೊತೆ ಬಂದು, ಮಗಳನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಬಿಳಿ ಮೀಸೆಯ ಸಾಹೇಬರು, ನಿಮ್ಮ ಮನೆಯ ದಿನಚರಿಯನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರು. ಸಾರು, ಹೊಲಿಗೆ, ತೊಟ್ಟಿಲು ಯಾವುದಕ್ಕೂ ನನ್ನ ಪುಸ್ತಕದಲ್ಲಿ ಶಬ್ದವಿರಲಿಲ್ಲ. ಇದ್ದ ಶಬ್ದಗಳಲ್ಲೇ ಸಂಸಾರ ನಡೆಸಿದೆ. ನಮ್ಮಲ್ಲಿ ಒಬ್ಬಳು ಮೇಲ್ವಿಚಾರಕಿ ಇದ್ದಾಳೆ, ಸೂರ್ಯ ಹುಟ್ಟುವ ಮೊದಲೇ ಎಬ್ಬಿಸುತ್ತಾಳೆ, ಪುಸ್ತಕವನ್ನು ಒಳಗೆ ಬಿಡುವುದಿಲ್ಲ, ಮೂರು ದಿನ ನನ್ನನ್ನು ಹೊರಗಿಡುತ್ತಾರೆ, ಸರಪಳಿ ಹಾಕಿಲ್ಲ, ಒಂದು ದಿನ ನನಗೆ ಬಿಡುಗಡೆಯಾಗುತ್ತದೆ. ಎಲ್ಲೂ ತಡವರಿಸಲಿಲ್ಲ ಎಂದು ಬೀಗಿದೆ.

ಸಾಹೇಬರು ಕನ್ನಡಕ ತೆಗೆದರು. ಅತ್ತೆಯನ್ನು ಒಳಗೆ ಕರೆಸಿ, ಸೊಸೆಯನ್ನು ಹೊಡೆಯುತ್ತೀರಾ ಎಂದು ಕೇಳಿದರು. ಕೆಲಸ ಹೋಯಿತು, ಇನ್ನು ಮನೆಗೂ ಸೇರಿಸುವುದಿಲ್ಲ ಅಂದುಕೊಂಡೆ. ನಾನೇನು ಹೇಳಿದೆನೆಂದು ಅತ್ತೆ ವಿಚಾರಿಸಿದರು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಕನ್ನಡದಲ್ಲಿ ಒಪ್ಪಿಸಿದೆ. ಅವರು ಮಗಳನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

“ಆನು ಹೊಡಿತ್ನಿಲ್ಲೆ, ಸಾಹೇಬ್ರೇ. ಆದ್ರೆ ಎನ್ನ ಮೇಲೆ ಇಷ್ಟು ಚಾಡಿ ಹೇಳುವಷ್ಟು ಇಂಗ್ಲಿಷು ಇದಕ್ಕೆ ಬತ್ತಲ, ಮಕ್ಕಳಿಗೆ ಕಲಿಸಲೆ ಅಷ್ಟು ಸಾಕಾಗ್ತಿಲ್ಯ?”

ಸಾಹೇಬರು ಅತ್ತೆಯನ್ನೇ ನೋಡುತ್ತ ಮೀಸೆಯೊಳಗೇ ನಕ್ಕು, ಸೋಮವಾರದಿಂದ ಬನ್ನಿ ಅಂದರು.

ತನಗೆ ಪುರಸೊತ್ತಿಲ್ಲ, ಸೊಸೆಯನ್ನೇ ಕಳಿಸುತ್ತೇನೆ ಅಂದರು ಅತ್ತೆ.