ಅತ್ತಿಗೆಯ ಸೊಟ್ಟ ಹೂದಾನಿ

ಹೂದಾನಿಯ ಬುಡಕ್ಕೆ ಒಂದು ರಟ್ಟಿನ ಚೂರು ಸಿಕ್ಕಿಸಲು ಹೋಗದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಆದರೆ ಅವನು ಕನ್ನಡಕದಂಗಡಿಯ ಗುಮಾಸ್ತ. ದಿನವಿಡೀ ಬೇರೆಯವರ ಮೂಗಿನ ಮೇಲೆ ಚೌಕಟ್ಟು ನೆಟ್ಟಗೆ ಕೂರಿಸುವವನು. ರಜೆ ಹಾಕಿ ಮನೆಯ ಧೂಳು ಹೊಡೆಯುತ್ತಿದ್ದಾಗ ಹೂದಾನಿ ಎಡಕ್ಕೆ ವಾಲಿದ್ದು ಕಣ್ಣಿಗೆ ಬಿತ್ತು, ಕೈ ಸುಮ್ಮನಿರಲಿಲ್ಲ. ರಟ್ಟು ಬುಡಕ್ಕೆ ಹೋಯಿತು, ಹೂದಾನಿ ನೆಲಕ್ಕೆ ಹೋಯಿತು.

ಬೇರೆ ಯಾವುದೇ ಹೂದಾನಿಯಾಗಿದ್ದರೆ ಗುಡಿಸಿ ಹೊರಗೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಇದು ಹೆಂಡತಿಯ ಅಕ್ಕ ಮಣ್ಣಿನ ಪಾತ್ರೆ ಮಾಡುವ ಹುಚ್ಚು ಹತ್ತಿದ ಹೊಸದರಲ್ಲಿ ಕೈಯಾರೆ ಮಾಡಿ ತಂದುಕೊಟ್ಟದ್ದು. ಅವತ್ತು ಇವನು ಹೊಗಳಬೇಕೆಂಬ ಒಳ್ಳೆಯ ಉದ್ದೇಶದಿಂದಲೇ, "ಇದು ನಿಂತಿದೆಯೋ ಬೀಳ್ತಾ ಇದೆಯೋ ಗೊತ್ತೇ ಆಗಲ್ಲ ಅತ್ತಿಗೆ, ಅದೇ ಇದರ ಸೊಗಸು" ಎಂದಿದ್ದ. ಚಪ್ಪಲಿ ಮೆಟ್ಟಿಕೊಂಡು ಹೋದ ಅತ್ತಿಗೆ ಎರಡು ವರ್ಷ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಹೆಂಡತಿ ಫೋನಿನಲ್ಲಿ ಅತ್ತು ಕರೆದು ಹೇಗೋ ಒಪ್ಪಿಸಿದ್ದಳು. ಅಕ್ಕನ ಮನಸ್ಸು ಮತ್ತೆ ಬದಲಾದೀತೆಂಬ ಭಯಕ್ಕೆ, ತಾನೇ ಹೋಗಿ ಕರೆತರಲು ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು. ಸಂಜೆಗೆ ಇಬ್ಬರೂ ಬರುವವರು.

ಹೊಸಿಲು ದಾಟುವ ಮುಂಚೆ ಅವಳು ಹೇಳಿದ್ದು ಇಷ್ಟೇ: "ಅಕ್ಕ ಒಳಗೆ ಬಂದ ಕೂಡ್ಲೇ ಹೂದಾನಿ ಎದುರಿಗೇ ಕಾಣ್ಬೇಕು. ನೀವು ಬಾಯಿ ಬಿಡ್ಬೇಡಿ. ಅಷ್ಟು ಸಾಕು ನನಗೆ."

ಅದು ತಾನಾಗಿ ಒಡೆಯಿತು ಎಂದರೆ ಯಾರು ನಂಬುತ್ತಾರೆ? ಬಾಯಲ್ಲಿ ಮುರಿದದ್ದು ಸಾಲದೆಂದು ಕೈಯಲ್ಲೂ ಮುರಿದ ಎನ್ನುತ್ತಾರೆ. ಅಕ್ಕ ತಂಗಿಯರ ನಡುವೆ ಮತ್ತೆ ಮಾತು ನಿಲ್ಲುತ್ತದೆ, ಹೆಂಡತಿ ಇವನ ಜೊತೆಯೂ ನಿಲ್ಲಿಸುತ್ತಾಳೆ.

ಸದ್ದು ಕೇಳಿ ಮೊದಲು ಬಂದವರು ಎದುರುಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಯಾರ ಮನೆಯಲ್ಲಿ ಏನು ಬಿದ್ದರೂ ಎತ್ತಿಕೊಡುವ ನೆಪದಲ್ಲಿ ಒಳಗೆ ಬರುವವರು. ಅಂಟಿನ ಡಬ್ಬಿ ಹಿಡಿದು ಚಕ್ಕಂಬಕ್ಕಳ ಹಾಕಿ ಕೂತು ಚೂರುಗಳನ್ನು ಜೋಡಿಸತೊಡಗಿದರು. ಆದರೆ ಜೀವಮಾನವಿಡೀ ಮಕ್ಕಳ ಚಿತ್ರ ತಿದ್ದಿದ ಕೈ; ತಿದ್ದದೆ ಅಂಟಿಸಲು ಅದಕ್ಕೆ ಬರಲಿಲ್ಲ. ಹೂದಾನಿ ಸಿಪಾಯಿಯಂತೆ ನೆಟ್ಟಗೆ ಎದ್ದು ನಿಂತಿತು, ಮೇಷ್ಟ್ರ ಕೈಯಲ್ಲಿ ಎರಡು ಚೂರು ಮಿಕ್ಕವು.

"ಇವು ಅದಕ್ಕೆ ಬೇಕಾಗೇ ಇರ್ಲಿಲ್ಲ," ಎಂದರು ಹೆಮ್ಮೆಯಿಂದ.

ಹೂದಾನಿ ನಿಟ್ಟುಸಿರಿನಂಥ ಸದ್ದು ಮಾಡಿ ಕುಸಿದು ಕೂತಿತು. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಹಿಂದಿನ ಬೀದಿಯ ಕುಂಬಾರನ ವಿಳಾಸ ಕೊಟ್ಟರು.

ಕುಂಬಾರ ದೊಡ್ಡ ದೊಡ್ಡ ಹೋಟೆಲುಗಳಿಗೆ ಬಟ್ಟಲು ಮಾಡಿಕೊಡುವ ಆಸಾಮಿ. ಅವನ ಕೋಣೆಯಲ್ಲಿ ಬಟ್ಟಲುಗಳು ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ಗುಮಾಸ್ತ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿ, ಇಂಥದ್ದೇ ಒಂದು ಸಂಜೆಯೊಳಗೆ ಬೇಕೆಂದ. ಕುಂಬಾರ ಫೋಟೋ ನೋಡಿದ, ಫೋನನ್ನು ಓರೆ ಮಾಡಿ ನೋಡಿದ.

"ಇದು ಬಿದ್ಮೇಲೆ ತೆಗೆದದ್ದಾ?"

"ಬೀಳೋಕೆ ಮುಂಚಿಂದು."

ಕುಂಬಾರನಿಗೆ ಅದೊಂದು ಸವಾಲಿನಂತೆ ಕಂಡಿತೋ ಏನೋ, ಚಕ್ರದ ಮುಂದೆ ಕೂತ. ಮಣ್ಣು ಮೇಲೆದ್ದಿತು, ಎಷ್ಟು ಹಟ ಮಾಡಿದರೂ ದುಂಡಗೇ ಎದ್ದಿತು. ಹಿಸುಕಿ ಮತ್ತೆ ಶುರುಮಾಡಿದ. ಕಣ್ಣು ಮುಚ್ಚಿಕೊಂಡು ಮಾಡಿದ, ಎಡಗೈಯಲ್ಲಿ ಮಾಡಿದ. ಕೊನೆಗೆ ಬಲವಂತವಾಗಿ ಒಂದನ್ನು ಬಾಗಿಸಿದ. ಅದು ಸೊಂಟದ ಮೇಲೆ ಕೈಯಿಟ್ಟ ನರ್ತಕಿಯ ಹಾಗೆ ಬಳುಕಿ ನಿಂತಿತು.

"ತಗೊಳ್ಳಿ. ಸೊಟ್ಟ."

"ಇದು ಸೊಟ್ಟ ಅಲ್ಲ, ಒಯ್ಯಾರ," ಎಂದ ಗುಮಾಸ್ತ ಅಳುಕುತ್ತಲೇ. "ಅತ್ತಿಗೆಯದು, ಕುಡಿದು ಬಂದವನು ಬಾಗಿಲಿಗೆ ಒರಗಿರ್ತಾನಲ್ಲ, ಹಾಗಿತ್ತು."

ಕುಂಬಾರನಿಗೆ ರೇಗಿತು. ಇಷ್ಟು ವರ್ಷ ಬೆವರು ಸುರಿಸಿ ಕಲಿತದ್ದನ್ನು ಒಂದು ಮಧ್ಯಾಹ್ನದಲ್ಲಿ ಮರೆ ಎಂದರೆ ಹೇಗೆ ಎಂದು ಗೊಣಗಿದ. ಆಮೇಲೆ ಎದ್ದು ಮಣೆಯನ್ನು ಇವನತ್ತ ತಳ್ಳಿದ. "ನೀವೇ ಕೂತ್ಕೊಳ್ಳಿ. ಒಂದ್ ಮಾತು ನೆನಪಿರ್ಲಿ. ಸೊಟ್ಟ ಮಾಡ್ಬೇಕು ಅಂತ ಮಾಡಿದ್ರೆ ಬರಲ್ಲ. ನೆಟ್ಟಗೆ ಮಾಡ್ಬೇಕು ಅಂತ ಜೀವ ಬಿಟ್ಟು ಮಾಡಿ. ಆಗ ತಾನಾಗೇ ಬರುತ್ತೆ."

ಗುಮಾಸ್ತ ಜೀವ ಬಿಟ್ಟ. ಮಣ್ಣು ಕೈ ತಪ್ಪಿಸಿಕೊಂಡು ಓಡಿತು, ಗೋಡೆಗೆ ಹಾರಿತು, ಅವನ ಕನ್ನಡಕದ ಮೇಲೂ ಕೂತಿತು. ಅವನು ಬಿಡಲಿಲ್ಲ. ಅಂಗೈಗಳ ನಡುವೆ ಏನೋ ತಣ್ಣಗೆ, ಮೆತ್ತಗೆ, ಮಗುವಿನಂತೆ ತಲೆ ಎತ್ತಿದಾಗ ಹೆಂಡತಿ, ಅತ್ತಿಗೆ, ಸಂಜೆ ಎಲ್ಲವೂ ಮರೆತುಹೋಯಿತು. ಚಕ್ರ ನಿಂತಿತು. ಅದು ಎಡಕ್ಕೆ ವಾಲಿತ್ತು, ಹೊಟ್ಟೆ ಒಂದು ಕಡೆ ಮಾತ್ರ ಉಬ್ಬಿತ್ತು, ಅಂಚು ಅಲೆ ಅಲೆಯಾಗಿತ್ತು. ಅತ್ತಿಗೆಯದರ ಪಡಿಯಚ್ಚು.

"ಅದ್ಭುತ," ಎಂದ ಕುಂಬಾರ, ಕೊಂಚ ಹೊಟ್ಟೆಕಿಚ್ಚಿನಿಂದಲೇ. ಅಂಚನ್ನಾದರೂ ಸ್ವಲ್ಪ ಒರೆಸೋಣವೆಂದು ಬೆರಳು ಚಾಚಿದ. ಗುಮಾಸ್ತ ಹೂದಾನಿಗೆ ಮೈ ಅಡ್ಡ ಹಿಡಿದ.

ಒಣಗಿಸಿ ಸುಡಲು ದಿನಗಟ್ಟಲೆ ಬೇಕು, ಹೊತ್ತಿರಲಿಲ್ಲ. ಹಸಿಯ ಮೇಲೇ ಹಳೆಯದರಂತೆ ನೀಲಿ ಬಣ್ಣ ಬಳಿದು, ಹಲಗೆಯ ಮೇಲಿಟ್ಟು, ಬಿಸಿಗಾಳಿ ಹಿಡಿಯಿರಿ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ಕುಂಬಾರ ಕಳಿಸಿಕೊಟ್ಟ. ಗುಮಾಸ್ತ ತುಂಬಿದ ಬಸುರಿಯನ್ನು ಕರೆತರುವವನಂತೆ ಬೀದಿ ದಾಟಿದ. ಮೆಟ್ಟಿಲಲ್ಲಿ ಮೇಲ್ಮನೆಯ ಟೈಲರಮ್ಮ ಸಿಕ್ಕಳು. ಕೂದಲು ಒಣಗಿಸುವ ಯಂತ್ರವನ್ನು ಅವಳೇ ತಂದುಕೊಟ್ಟಳು. ಜೊತೆಗೆ, ಹೊಟ್ಟೆಯ ಹತ್ತಿರ ಸ್ವಲ್ಪ ಹಿಡಿದು ಹೊಲಿಗೆ ಹಾಕಿದರೆ ಸರಿಹೋಗುತ್ತಿತ್ತು ಎಂದಳು. ಮೇಷ್ಟ್ರು ಬಂದು ಇಣುಕಿ, "ಹತ್ತಕ್ಕೆ ಮೂರು" ಎಂದರು. ಅವರಿಗೆ ಸುಮ್ಮನೆ ಒಳ್ಳೆಯ ಮಾತಾಡಲು ಬರುತ್ತಿರಲಿಲ್ಲ. ಗುಮಾಸ್ತನಿಗೆ ಯಾಕೋ ಆ ಮೂರು ಎದೆಗೆ ನಾಟಿತು. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಬಿಸಿಗಾಳಿ ಹಿಡಿದ.

ಸಂಜೆ ಅತ್ತಿಗೆ ಒಳಗೆ ಬಂದವಳು ಹೂದಾನಿಯ ಎದುರು ನಿಂತುಬಿಟ್ಟಳು. ಹೆಂಡತಿ ಉಸಿರು ಬಿಗಿಹಿಡಿದಳು. ಗುಮಾಸ್ತ ಬಾಯಿ ಬಿಗಿಹಿಡಿದ.

"ಭಾವ, ಅವತ್ತು ನೀವು ಹೇಳಿದ್ದು ಸರಿ," ಎಂದಳು ಅತ್ತಿಗೆ ಮೆಲ್ಲಗೆ. "ಆಗ ಯಾರಾದ್ರೂ ಚೆನ್ನಾಗಿದೆ ಅಂದ್ರೆ ಸಾಕಿತ್ತು ನನಗೆ. ಈಗ ಕಸುಬು ಅಂತ ಹಿಡಿದಿದ್ದೀನಿ, ಅಂಗಡಿಗಳಿಗೆ ಕೊಡ್ತೀನಿ. ಇಂಥದ್ದೊಂದು ನನ್ನ ಹೆಸರಲ್ಲಿ ಇನ್ನೂ ಇದೆ ಅಂತ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ನಿಜ ಹೇಳ್ಬೇಕಂದ್ರೆ, ಇದನ್ನ ನನ್ನ ಕೈಯಾರೆ ಒಡೆದುಹಾಕೋಕೇ ಬಂದೆ. ಬೇಜಾರಿಲ್ಲ ತಾನೇ?"

ಗುಮಾಸ್ತನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅವಳು ಒಡೆಯುತ್ತಾಳೆ, ಇವನು ಗುಡಿಸುತ್ತಾನೆ, ಎಲ್ಲ ಸುಖಾಂತ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

"ಅಂಚು ನೋಡೇ, ಇಲಿ ಕಡಿದ ಹಾಗಿದೆ," ಎಂದಳು ಅತ್ತಿಗೆ ತಂಗಿಗೆ.

"ಅಂಚು ಅಷ್ಟೇನೂ ಕೆಟ್ಟದಾಗಿಲ್ಲ," ಎಂದ ಗುಮಾಸ್ತ.

"ಹೊಟ್ಟೆ ನೋಡು. ಹಲ್ಲುನೋವು ಬಂದವರ ಕೆನ್ನೆ."

"ತುಂಬಾ ಜನಕ್ಕೆ ಅಷ್ಟೂ ಬರಲ್ಲ."

ಹೆಂಡತಿ ಇವನ ಮುಖ ನೋಡಿದಳು. ಅತ್ತಿಗೆ ನಕ್ಕು, ಸೀರೆಯ ಸೆರಗು ಸಿಕ್ಕಿಸಿ, ಎರಡೂ ಕೈ ಚಾಚಿದಳು. "ಸಮಾಧಾನ ಮಾಡ್ಬೇಡಿ ಭಾವ. ಇದನ್ನ ಮಾಡಿದವರು ಮಣ್ಣಿಗೇ ಅವಮಾನ ಮಾಡಿದ್ದಾರೆ."

"ಮುಟ್ಬೇಡಿ! ಅದು ನಾನು ಮಾಡಿದ್ದು!"

ಕೂಗಿದ್ದು ತಾನೇ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಹೂದಾನಿ ಅವನ ತೋಳಿನಲ್ಲಿತ್ತು, ಬೆರಳುಗಳು ಹಸಿಮಣ್ಣಿನೊಳಗೆ ಇಳಿದಿದ್ದವು, ಅಂಗಿ ನೀಲಿಯಾಗಿತ್ತು.

ಅತ್ತಿಗೆ ಅವನ ಕೈ ನೋಡಿದಳು, ಅಂಗಿ ನೋಡಿದಳು.

"ಹಾಗಾದ್ರೆ ನಂದೆಲ್ಲಿ?"

ಅವನು ಹೇಳಿದ. ಒಡೆಯಲೆಂದೇ ಬಂದವಳ ಕಣ್ಣಲ್ಲಿ ನೀರು ತುಂಬಿತು. ತಾನು ಒಡೆಯುವುದೇ ಬೇರೆ, ಬೇರೆಯವರು ಒಡೆಯುವುದೇ ಬೇರೆ, ಅದು ತನ್ನ ಮೊಟ್ಟಮೊದಲ ಹೂದಾನಿ, ಇವರಿಗೆ ಕರುಳೇ ಇಲ್ಲ ಎಂದಳು. ಹೆಂಡತಿ ಅಕ್ಕನ ಹೆಗಲು ಬಳಸಿ, ನಾನು ಈ ಮನುಷ್ಯನ ಜೊತೆ ಹೇಗೆ ಬಾಳುತ್ತಿದ್ದೇನೆ ನೋಡು ಎಂದಳು. ಎರಡು ವರ್ಷದ ಮೇಲೆ ಅಕ್ಕ ತಂಗಿ ಒಂದೇ ದನಿಯಲ್ಲಿ ಮಾತಾಡಿದರು. ಆ ಮಾತು ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ.

ಗುಮಾಸ್ತ ತಲೆ ತಗ್ಗಿಸಿ ಎಲ್ಲಕ್ಕೂ ಹೂಂಗುಟ್ಟುತ್ತಿದ್ದ. ಅವನ ಹೆಬ್ಬೆರಳು ಮಾತ್ರ, ಕುಸಿದ ಅಂಚನ್ನು ಮೆಲ್ಲಮೆಲ್ಲಗೆ ಎತ್ತಿ ನಿಲ್ಲಿಸುತ್ತಿತ್ತು.