ಮಾವನ ಮಾತು ತುಂಡಾಗಬಾರದು

ಬಾವೆಯಾನ್ ದ್ವೀಪದ ಜೈನೂರಿಯ ನಿಕಾಹ್‌ಗೆ ಅಡ್ಡ ಬಂದದ್ದು ಹುಡುಗಿಯೂ ಅಲ್ಲ, ಮೆಹರೂ ಅಲ್ಲ, ಬಡಕಲು ಇಂಟರ್ನೆಟ್ಟು. ಮಾವನಾಗಬೇಕಿದ್ದ ಅಸ್ಮುನಿ ದೂರದ ಜೊಹೋರ್ ಬಂದರಿನಲ್ಲಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಹಡಗು ಹತ್ತಿದನೆಂದರೆ ಹತ್ತು ತಿಂಗಳು ಕೈಗೆ ಸಿಗುವವನಲ್ಲ. "ನನ್ನ ಮಗಳನ್ನ ನನ್ನ ಬಾಯಾರೆ ನಾನೇ ಕೊಡ್ತೀನಿ, ಇನ್ನೊಬ್ಬರ ಕೈಲಿ ಹೇಳಿಸಲ್ಲ" ಎಂದು ಪಟ್ಟು ಹಿಡಿದಿದ್ದ. ನಾಲ್ಕು ವರ್ಷ ಕಾದು ಸುಣ್ಣವಾಗಿದ್ದ ಜೈನೂರಿಗೆ ಇನ್ನು ಕಾಯುವ ತ್ರಾಣವಿರಲಿಲ್ಲ.

ಹುಡುಗಿ ಮುಸ್ರಿಫಾಳ ಮನೆಯ ಜಗಲಿಯಲ್ಲಿ ಕಂಪ್ಯೂಟರ್ ಇಟ್ಟು ಎಲ್ಲರೂ ಕುಳಿತರು. ನಿಕಾಹ್ ಮಾಡಿಸಲು ಬಂದ ಅಧಿಕಾರಿ ಪಾಕ್ ಖೋಲಿಲ್ ಎಚ್ಚರಿಸಿದರು: "ಅವ್ರು 'ಕೊಟ್ಟೆ' ಅಂದ ಕೂಡ್ಲೆ ನೀನು 'ಒಪ್ಪಿದೆ' ಅನ್ಬೇಕು. ನಡುವೆ ಸಂದು ಬಿದ್ರೆ ನಿಕಾಹ್ ಆಗಲ್ಲ."

ಮೊದಲ ಸಲ ಅಸ್ಮುನಿ "ನನ್ನ ಮಗಳು ಮುಸ್..." ಎಂದು ತೆರೆದ ಬಾಯಿ ತೆರೆದಂತೆಯೇ ನಿಂತಿತು. ಎರಡನೇ ಸಲ ಮಗಳ ಹೆಸರು ಬಂತು, 'ಕೊಟ್ಟೆ' ಬರಲಿಲ್ಲ.

"ಏನು ಕೊಟ್ರು ಅಂತಾನೇ ಕೇಳಿಸ್ದೆ ನಾವು ಹೆಂಗಪ್ಪ ಸಾಕ್ಷಿ ಹೇಳೋದು?" ಎಂದರು ಸಾಕ್ಷಿಗಳು.

"ಆ ಇಂಟರ್ನೆಟ್ ಡಬ್ಬಿನ ಮಾಡಿನ ಮೇಲಿಡ್ರೋ!" ಎಂದಳು ಹುಡುಗಿಯ ಸೋದರತ್ತೆ ಸುತಿಯಾ. ಇಟ್ಟರು, ವೈರು ಕಿತ್ತು ಬಂತು. ಪಕ್ಕದ ಮನೆಯವನು ಎಲ್ಲರೂ ಫೋನ್ ಬಂದ್ ಮಾಡಿ ಎಂದು ಕೂಗಾಡಿದ, ತಾನು ಮಾತ್ರ ಮಾಡಲಿಲ್ಲ.

ವೈರು ಜೋಡಿಸಿ ಬೆವರು ಒರೆಸಿಕೊಂಡ ಜೈನೂರಿ, "ಬಫರ್ ಜಾಸ್ತಿ ಮಾಡ್ತೀನಿ" ಎಂದ.

"ಅದೇನೋ ಅದು?"

"ಡ್ರಮ್ ಇದ್ದಂಗೆ ಅತ್ತೆ. ನಲ್ಲಿ ಸಣ್ಣಗೆ ಬರ್ತಿದ್ರೆ ಮೊದ್ಲು ತುಂಬಿಸ್ಕೊಂಡು ಆಮೇಲೆ ಧಾರಾಳವಾಗಿ ಬಿಡೋದು. ಮಾತೂ ಹಂಗೇ."

ಒಂದು ಸೆಕೆಂಡಿದ್ದದ್ದನ್ನು ಐದು ಮಾಡಿದ, ಮಾತು ಕುಂಟಿತು. ಹದಿನೈದು ಮಾಡಿದ, ತೊದಲಿತು. ರೇಗಿಹೋಗಿ ಒಂದೇ ಏಟಿಗೆ ನಲವತ್ತಕ್ಕೆ ಏರಿಸಿದ.

"ಮಾವ, ಶುರು ಮಾಡಿ!"

ಅಸ್ಮುನಿ ಮಿಕಿಮಿಕಿ ನೋಡುತ್ತ ಕುಳಿತೇ ಇದ್ದ. "ಅವ್ನು ಹುಟ್ಟಿದಾಗಿಂದ ನಿಧಾನ" ಎಂದಳು ಸುತಿಯಾ. ಕೊನೆಗೆ ಅವನು ಬಾಯಿ ತೆರೆದ. ಮಾತು ಎಣ್ಣೆ ಸುರಿದಂತೆ ಬಂತು, ಮಗಳ ಹೆಸರು, ಮೆಹರು, 'ಕೊಟ್ಟೆ' ಎಲ್ಲವೂ. ಆ ಮಾತಿನ ಬಾಲ ಹಿಡಿದೇ ಜೈನೂರಿ "ಒಪ್ಪಿದೆ!" ಎಂದು ಕಿರುಚಿದ.

"ಆಯ್ತು, ಆಯ್ತು!" ಎಂದರು ಸಾಕ್ಷಿಗಳು. ಜೈನೂರಿಗೆ ಅಳು ಉಕ್ಕಿ ಬಂತು. ಅರಿಶಿನದನ್ನದ ತಟ್ಟೆಗಳು ಓಡಾಡತೊಡಗಿದವು.

ಅಷ್ಟರಲ್ಲಿ ಪರದೆಯ ಮೇಲೆ ಅಸ್ಮುನಿಯ ಮುಖ ಕೆಂಪಾಯಿತು. "ಏನೋ, ಕಲ್ಲಿನಂಗೆ ಕೂತಿದೀಯ? ಕೊಟ್ಟೆ ಅಂದು ಅರ್ಧ ನಿಮಿಷ ಆಯ್ತು! ನನ್ನ ಮಗಳನ್ನ ಒಪ್ಪೋಕೆ ಇಷ್ಟು ಯೋಚ್ನೆನಾ? ಕೊಟ್ಟ ಮಾತು ವಾಪಸ್ ತಗೊಂಡಿದೀನಿ, ಹೋಗು!" ಎಂದವನೇ ಎದ್ದು ಹೊರಟುಹೋದ. ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು.

ಪಾಕ್ ಖೋಲಿಲ್ ಬೆರಳೆಣಿಸಿ ನಿಟ್ಟುಸಿರು ಬಿಟ್ಟರು. "ನಿನ್ನ ಡ್ರಮ್ಮಲ್ಲಿ ಅವ್ರ ಮಾತು ನಲವತ್ತು ಸೆಕೆಂಡು ಕೂತಿತ್ತಪ್ಪ. ಅಲ್ಲಿ ಅವ್ರು ಅಷ್ಟರೊಳಗೇ ಮಾತು ವಾಪಸ್ ತಗೊಂಡು ಎದ್ದುಹೋಗಿದಾರೆ. ನೀನು ಒಪ್ಪಿದ್ದು ಆಮೇಲೆ. ನಿಕಾಹ್ ಆಗಿಲ್ಲ."

ಜೈನೂರಿ ಮತ್ತೆ ಮತ್ತೆ ಕರೆ ಮಾಡಿದ. ಮಾವನ ಫೋನ್ ಆಗಲೇ ಬಂದ್ ಆಗಿತ್ತು. ಒಳಗೆ ಮುಸ್ರಿಫಾ ಮುಡಿಯ ಮಲ್ಲಿಗೆಯನ್ನು ಒಂದೊಂದೇ ಎಳೆಯಾಗಿ ತೆಗೆಯುತ್ತಿದ್ದಳು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸುತಿಯಾ ಅವನ ಬೆನ್ನು ಸವರಿ ಸಮಾಧಾನ ಹೇಳಿದಳು: "ಏನೇ ಹೇಳು ಕಂದ, ಬೈಗುಳದಲ್ಲೂ ಒಂದಕ್ಷರ ತುಂಡಾಗ್ಲಿಲ್ಲ ನೋಡು."