ಬೆಳ್ಳಿ ತಂತಿಯೋ, ಬಿದಿರು ದಬ್ಬೆಯೋ

ಎಲುಬು ಮುರಿದರೆ ನೋವು ಒಬ್ಬನದು, ಅಭಿಪ್ರಾಯ ಊರಿನದು. ಬಲಗೈ ಮುರಿದುಕೊಂಡು ನಾನು ಇದನ್ನು ಕಲಿತೆ, ಕಲಿತು ದಣಿದಿದ್ದೇನೆ. ಮುರಿದದ್ದು ಯಾವ ಪರಾಕ್ರಮದಿಂದಲೂ ಅಲ್ಲ. ಶಹಾಪುರದ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಇಳಿಸಲು ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಬಿಗಿದ ಮುಷ್ಟಿಯ ಮೇಲೆಯೇ ಬಿದ್ದೆ. ಭರಣಿಗೆ ಏನೂ ಆಗಲಿಲ್ಲ. ಕಿರುಬೆರಳಿನ ಹಿಂದಿನ ಎಲುಬು ಮುರಿಯಿತು. ನಾನು ವಕೀಲರೊಬ್ಬರ ಬಳಿ ಕಾಗದಪತ್ರ ನಕಲು ಮಾಡುವವನು. ಅವರಾಗಲೇ ಟೈಪ್ ಯಂತ್ರ ತರಿಸುವ ಮಾತಾಡುತ್ತಿದ್ದರು. ಕೈ ಹೋದರೆ ಅನ್ನ ಹೋದಂತೆ.

ದವಾಖಾನೆಯ ಡಾಕ್ಟರರು ಸದ್ಯಕ್ಕೆ ಅರಿವೆ ಸುತ್ತಿ ಹೇಳಿದರು: "ಬರೇ ಹಿಂಗ ಕಟ್ಟಿದ್ರ ಎಲುಬು ಜಾರತೈತ್ರಿ. ಕೊಯ್ದು ಬೆಳ್ಳಿ ತಂತೀಲೆ ಬಿಗೀಬಹುದು. ಇಲ್ಲಾ, ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಬಹುದು. ಆದ್ರ ಕೊಯ್ದ್ರ ಕೀವಾಗೂ ಅಂಜಿಕಿ ಇದ್ದದ್ದ. ವಿಚಾರ ಮಾಡಿ ನಾಳೆ ಬರ್ರಿ."

ನನ್ನಂಥವನಿಗೆ ವಿಚಾರ ಮಾಡಲು ಹೇಳಬಾರದಿತ್ತು. ಪಟ್ಟಿ ಮಳೆಗಾಲದಲ್ಲಿ ತುಕ್ಕು ಹಿಡಿದರೆ? ತಂತಿ ಒಳಗೇ ತುಂಡಾದರೆ? ಬಾಜೂ ಮನೆಯ ನೇಕಾರನನ್ನು ಕೇಳಿದೆ. "ನೂಲು ಹರದ್ರ ಗಂಟು ಹಾಕತೀವಿ, ಮೊಳಿ ಬಡೀತೀವೇನ್ರಿ? ತಂತೀನ ಛಲೋ" ಎಂದ. ಹೆಂಡತಿ ಗಂಗಾಳದು ಬೇರೆಯೇ ಮಾತು: "ಖಾನಾಪುರಕ್ಕ ಹೋಗೂಣು ನಡೀರಿ. ನಮ್ಮಣ್ಣ ಗಿಡದಿಂದ ಬಿದ್ದಾಗ ಅಲ್ಲಿ ಮುದುಕ ಬಿದಿರು ದಬ್ಬಿ ಕಟ್ಟಿ ಕೈ ನೆಟ್ಟಗ ಮಾಡ್ಯಾನ." ಆದರೆ ಆ ಮುದುಕ ದಬ್ಬೆಯ ಕೆಳಗೆ ಕೋಳಿಮೊಟ್ಟೆಯ ಲೇಪ ಹಚ್ಚುತ್ತಾನಂತೆ. ಮೊಟ್ಟೆ ಹಚ್ಚಿದ ಕೈಯಲ್ಲಿ ಸಂಧ್ಯಾವಂದನೆ ಹೇಗೆ ಎಂಬ ಚರ್ಚೆಯಲ್ಲೇ ಒಂದು ವಾರ ಹೋಯಿತು.

ಹೀಗೆ ಮೂರು ವಾರ ಕಳೆದ ಮೇಲೆ ಗಂಗಾ ನನ್ನನ್ನು ಖಾನಾಪುರದ ಬೆಳಗಿನ ರೈಲಿನಲ್ಲಿ ಕೂಡಿಸಿಯೇ ಬಿಟ್ಟಳು. ನಡುವಿನ ದೇಸೂರು ಸ್ಟೇಶನ್ನಿನಲ್ಲಿ ಇಳಿದು ಹಿಂದಿರುಗೋಣವೆಂದು ಎದ್ದೆ. ಅಂಗಿಯ ಚುಂಗು ಹಿಡಿದು ಕೂರಿಸಿದಳು.

ಖಾನಾಪುರದ ಮುದುಕ ಅರಿವೆ ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದ. "ದುಖತಂಯ ಕಾ? ಬ್ಯಾನಿ ಐತೇನ್ರಿ?"

"ಇಲ್ಲ."

"ಮತ್ತ ಯಾಕ ಬಂದ್ರಿ? ಎಲುಬು ತಾನ ಕೂಡೇತಿ. ಜರಾ ಸೊಟ್ಟ ಅದ. ನೆಟ್ಟಗ ಬೇಕಂದ್ರ ಮತ್ತ ಮುರೀಬೇಕು" ಎಂದು ಕೈಯನ್ನು ಬಿಗಿಯಾಗಿ ಹಿಡಿದ.

"ಬ್ಯಾಡ್ರೀ!" ಎಂದು ಕೂಗಿದೆ. ಜನ್ಮದಲ್ಲಿ ಅಷ್ಟು ಬೇಗ ನಾನು ಯಾವುದನ್ನೂ ನಿರ್ಧರಿಸಿದ್ದಿಲ್ಲ.

ಮರುದಿನ ಡಾಕ್ಟರರೂ ಅದನ್ನೇ ಹೇಳಿ ನಿಟ್ಟುಸಿರಿಟ್ಟರು. ಹೆದರುತ್ತಲೇ ಕಚೇರಿಗೆ ಹೋಗಿ ಒಂದು ಪುಟ ಬರೆದು ತೋರಿಸಿದೆ. ಸಾಲುಗಳು ಸ್ವಲ್ಪ ಇಳಿಜಾರಾಗಿದ್ದವು. ವಕೀಲರು ಅದನ್ನು ಕೊನೆಯವರೆಗೆ ಓದಿ, ಇನ್ನೊಂದು ಕಟ್ಟು ಕಾಗದ ನನ್ನತ್ತ ತಳ್ಳಿದರು. ನನ್ನ ಕಣ್ಣು ಮಂಜಾಯಿತು.

ಮೊನ್ನೆ ಓಣಿಯ ಮಾಸ್ತರರೊಬ್ಬರು ಬೆರಳು ಮುರಿದುಕೊಂಡು ಅನುಭವಸ್ಥನೆಂದು ನನ್ನನ್ನೇ ಕೇಳಲು ಬಂದರು. ತಂತಿ, ಪಟ್ಟಿ, ದಬ್ಬೆ ಮೂರರ ಗುಣದೋಷಗಳನ್ನೂ ಒಂದು ತಾಸು ವಿವರಿಸಿದೆ. ಕೊನೆಗೆ ಒಳಗಿನಿಂದ ಗಂಗಾ, "ಅವರನ್ನ ದವಾಖಾನಿಗೆ ಹೋಗಗೊಡ್ರೀ!" ಎಂದಳು. ಪಾಪ, ಅವರು ಓಡಿದರು. ನಾಲ್ಕನೆಯ ಉಪಾಯವಾದ ಪ್ಲಾಸ್ಟರಿನ ವಿಷಯ ಹೇಳುವುದು ಉಳಿದೇಹೋಯಿತಲ್ಲ ಎಂದು ನನಗೆ ಇನ್ನೂ ಬೇಸರವಿದೆ.